ಮಳೆ ಹಿಡಿಯುವ ಮೊದಲು ಅಪ್‌ಡೇಟ್ ಮುಗಿಸೋಣ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಹಾಗೂ ಕೊಡಗಿನ ಐದೂ ತಾಲ್ಲೂಕುಗಳ ಶಾಲೆ, ಪಂಚಾಯಿತಿ, ಗ್ರಂಥಾಲಯ, ಸಹಕಾರ ಸಂಘ, ತೋಟದ ಆಫೀಸುಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ ಎಲ್ಲರಿಗೆ,

ನಮಸ್ಕಾರ.

ನಾಪೋಕ್ಲು ಕಡೆಯ ಒಂದು ಸಣ್ಣ ಊರಿನಲ್ಲಿ 18 ವರ್ಷದಿಂದ ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ ತೆಗೆಸುವವರು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳು, ಮದುವೆ ಕಾಗದ ಮಾಡಿಸುವವರು, ಎಲ್ಲರೂ ಬರುತ್ತಾರೆ. ಕಂಪ್ಯೂಟರ್ ಕೆಟ್ಟರೆ ಮಡಿಕೇರಿಗೋ ವಿರಾಜಪೇಟೆಗೋ ಹೊತ್ತುಕೊಂಡು ಹೋಗಲಾಗದವರು ಅದನ್ನೂ ನನ್ನಲ್ಲಿಗೇ ತರುತ್ತಾರೆ. ಹಾಗಾಗಿ ಸುತ್ತಲಿನ ಯಾವ ಮೇಜಿನ ಮೇಲೆ ಎಂಥ ಯಂತ್ರ ಇದೆ, ಯಾವುದರ ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಎನ್ನುವುದು ನನಗೆ ಹೆಚ್ಚುಕಡಿಮೆ ಬಾಯಿಪಾಠ.

ನಾನು ಕೇಳುವುದು ಇಷ್ಟು. ಜಿಲ್ಲೆಯ ಸಾರ್ವಜನಿಕ ಕಂಪ್ಯೂಟರ್‌ಗಳಿಗೆ ಆಪರೇಟಿಂಗ್ ಸಿಸ್ಟಮ್‌ನ (ವಿಂಡೋಸ್‌ನಂಥ ಮೂಲ ತಂತ್ರಾಂಶದ) ದೊಡ್ಡ ಅಪ್‌ಡೇಟ್ ಹಾಕುವ ಕೆಲಸವನ್ನು ಈ ಮೇ ತಿಂಗಳೊಳಗೆ ಮುಗಿಸಿ. ಉಳಿದದ್ದನ್ನು ಅಕ್ಟೋಬರ್‌ಗೆ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕಚೇರಿಯಲ್ಲೂ ಆ ಕೆಲಸಕ್ಕೆ ಕೈ ಹಾಕಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ.

ಯಾಕೆ ಎನ್ನುವುದಕ್ಕೆ ಕಳೆದ ವರ್ಷ ಕಕ್ಕಡದಲ್ಲಿ (ಜುಲೈ-ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳಲ್ಲಿ) ನಡೆದದ್ದನ್ನು ಹೇಳಬೇಕು. ಅದೊಂದು ಸಹಕಾರ ಸಂಘ, ಹೆಸರು ಬೇಡ. ವಿಂಡೋಸ್ 10ರ ಅವಧಿ ಮುಗಿಯುತ್ತಿದೆ, ಎಲ್ಲ ಯಂತ್ರಗಳೂ ವಿಂಡೋಸ್ 11 ಆಗಬೇಕು ಎಂದು ಮೇಲಿನಿಂದ ಸೂಚನೆ ಬಂದಿತ್ತು. ಹೊರ ಜಿಲ್ಲೆಯಿಂದ ಬಂದ ಹುಡುಗ ಒಂದೇ ದಿನದಲ್ಲಿ ನಾಲ್ಕು ಯಂತ್ರ ಮುಗಿಸಿ ಮುಂದಿನ ಊರಿಗೆ ಹೋಗಬೇಕಿತ್ತು. ಪಾಪ, ನಾಲ್ಕನ್ನೂ ಒಟ್ಟಿಗೆ ಶುರು ಮಾಡಿಬಿಟ್ಟ. ಮಧ್ಯಾಹ್ನ ಗಾಳಿ ಎದ್ದಿತು. ಎಲ್ಲೋ ಮೇಲಿನ ತೋಟದಲ್ಲಿ ಸಿಲ್ವರ್ ಮರವೊಂದು ಲೈನ್ ಮೇಲೆ ಬಿತ್ತು. ಯುಪಿಎಸ್‌ಗಳು ಕೂಗಲು ಶುರು ಮಾಡಿ ಹತ್ತು ನಿಮಿಷವೂ ಆಗಲಿಲ್ಲ, ಒಂದೊಂದಾಗಿ ಸುಮ್ಮನಾದವು. ಪರದೆಯಲ್ಲಿ ಆಗ 61 ಶೇಕಡಾ ಎಂದಿತ್ತಂತೆ. ಅಲ್ಲಿನ ಗುಮಾಸ್ತೆ ಹುಡುಗಿ ಆ ಸಂಖ್ಯೆಯನ್ನು ಇನ್ನೂ ಹೇಳುತ್ತಾಳೆ.

ಕರೆಂಟ್ ಬಂದದ್ದು ಮೂರನೇ ದಿನ. ಆ ಮಳೆಯಲ್ಲಿ ಕಂಬ ಹತ್ತಿ ಲೈನ್ ಸರಿಮಾಡಿದ ಲೈನ್‌ಮ್ಯಾನ್‌ಗಳಿಗೆ ಕೈ ಮುಗಿಯಬೇಕು. ಮೂರು ಯಂತ್ರಗಳು ತಾವಾಗಿಯೇ ಹಳೆಯ ವಿಂಡೋಸ್‌ಗೆ ಮರಳಿದವು. ಅಪ್‌ಡೇಟ್ ಅರ್ಧದಲ್ಲಿ ನಿಂತರೆ ಹಿಂದಕ್ಕೆ ಹೋಗುವ ಏರ್ಪಾಟು ಅದರೊಳಗೇ ಇರುತ್ತದೆ. ನಾಲ್ಕನೆಯದು ಮಾತ್ರ ಏಳಲಿಲ್ಲ. ಅದರ ಹಾರ್ಡ್‌ಡಿಸ್ಕ್ ಹಳತು. ಬರೆಯುತ್ತಿದ್ದಾಗಲೇ ಕರೆಂಟ್ ಹೋದ ಪೆಟ್ಟಿನಿಂದ ಅದು ಸತ್ತಿತ್ತು. ಸದಸ್ಯರ ಸಾಲದ ಲೆಕ್ಕ ಇದ್ದದ್ದು ಅದರಲ್ಲೇ.

"ಅಕ್ಕ, ಬೇಗ ಬನ್ನಿ" ಎಂದು ಫೋನ್ ಬಂತು. ನಾನು ಹೋದಾಗ ಬೆಂಚಿನ ಮೇಲೆ ವಯಸ್ಸಾದವರೊಬ್ಬರು ಒದ್ದೆ ಕೊಡೆ ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಬೇರೆ ಬ್ಯಾಂಕಿನಲ್ಲಿ ಸಾಲಕ್ಕೆ ಬೇಬಾಕಿ ಪತ್ರ ಬೇಕಾಗಿತ್ತು. ಮೂರು ದಿನದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

"ಅಜ್ಜ, ನಾಳೆ ಬನ್ನಿ, ನಾಳೆ ಖಂಡಿತ ಆಗ್ತದೆ" ಎಂದಳು ಹುಡುಗಿ.

"ನಾಳೆಯೂ ಮಳೆ ಇರ್ತದಲ್ಲ ಮಗಾ" ಎಂದರು ಅವರು. ಸಿಟ್ಟಿನಿಂದ ಅಲ್ಲ, ಸುಸ್ತಿನಿಂದ.

ಲೆಕ್ಕ ಉಳಿದದ್ದು ಆ ಹುಡುಗಿಯಿಂದ. ಯಾರೂ ಹೇಳದಿದ್ದರೂ ಪ್ರತಿ ಶನಿವಾರ ಸಂಜೆ ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದಳು. ಶನಿವಾರದಿಂದ ಈಚಿನ ನಾಲ್ಕು ದಿನದ ವ್ಯವಹಾರವನ್ನು ರಸೀದಿ ಪುಸ್ತಕ ನೋಡಿ ನಾವಿಬ್ಬರೂ ಕೂತು ಮತ್ತೆ ತುಂಬಿದೆವು. ಅವಳಿಗೆ ಆ ಅಭ್ಯಾಸ ಇಲ್ಲದೇ ಇದ್ದಿದ್ದರೆ ಎಂದು ಯೋಚಿಸಿದರೆ ಇಂದಿಗೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಅಪ್‌ಡೇಟ್ ಬೇಡ ಎನ್ನುವುದು ನನ್ನ ವಾದ ಎಂದು ದಯವಿಟ್ಟು ಯಾರೂ ತಿಳಿಯಬೇಡಿ. "ಹಳೆಯದೇ ಚೆನ್ನಾಗಿದೆ, ಮುಟ್ಟಬೇಡಿ" ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರೊಡನೆ ನಾನು ದಿನಾ ಜಗಳ ಆಡುತ್ತೇನೆ. 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ ದಾಳಿಗೆ ದಾರಿಯಾದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಟ್ಟಿತ್ತು. ನಡುವೆ ಎರಡು ತಿಂಗಳು. ಹಾಕಿಕೊಂಡವರು ಉಳಿದರು.

ಹಾಗಾಗಿ ಎರಡು ಬಗೆಯ ಅಪ್‌ಡೇಟ್‌ಗಳನ್ನು ಬೇರೆಬೇರೆಯಾಗಿ ನೋಡಬೇಕು. ಪ್ರತಿ ತಿಂಗಳ ಎರಡನೇ ಮಂಗಳವಾರ ಬರುವ ಸಣ್ಣ ಭದ್ರತಾ ತೇಪೆ ಒಂದು. ಅದನ್ನು ಮಳೆ ಇರಲಿ ಬಿಸಿಲಿರಲಿ, ಕರೆಂಟ್ ಗಟ್ಟಿಯಾಗಿರುವ ಹೊತ್ತು ನೋಡಿ ಹಾಕಿಕೊಳ್ಳಲೇಬೇಕು. ಇಡೀ ವ್ಯವಸ್ಥೆಯನ್ನೇ ಬದಲಿಸುವ ದೊಡ್ಡದು ಇನ್ನೊಂದು. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಅದು ಮೂರು ಗಂಟೆ, ಕೆಲವೊಮ್ಮೆ ಇಡೀ ಮಧ್ಯಾಹ್ನ ತಿನ್ನುತ್ತದೆ. ನಮ್ಮ ಕಚೇರಿಗಳ ಯುಪಿಎಸ್ ತಡೆಯುವುದು ಹತ್ತು ಹದಿನೈದು ನಿಮಿಷ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಾನು ಏನು ಕೇಳುತ್ತಿದ್ದೇನೆ ಎಂದು ಬೇರೆ ವಿವರಿಸಬೇಕಾಗಿಲ್ಲ.

ದೊಡ್ಡದನ್ನು ಮುಂದೂಡಿದರೆ ಅಪಾಯವಲ್ಲವೇ ಎಂದು ನಿಮ್ಮ ತಾಂತ್ರಿಕ ಸಿಬ್ಬಂದಿ ಕೇಳಬಹುದು. ವಿಂಡೋಸ್ 11ರ ಒಂದೊಂದು ಆವೃತ್ತಿಗೂ ಹೋಮ್ ಮತ್ತು ಪ್ರೊ ಎಂಬ ಬಗೆಗಳನ್ನು ಬಳಸುವವರಿಗೆ 24 ತಿಂಗಳು ಭದ್ರತಾ ತೇಪೆ ಸಿಗುತ್ತದೆ. ಪ್ರೊ ಇರುವ ಯಂತ್ರದಲ್ಲಿ ತಿಂಗಳ ತೇಪೆಯನ್ನು ಎಂದಿನಂತೆ ಪಡೆಯುತ್ತಲೇ ದೊಡ್ಡ ಆವೃತ್ತಿಯನ್ನು 365 ದಿನದವರೆಗೆ ತಡೆಹಿಡಿಯುವ ಅವಕಾಶವೂ ಇದೆ. ನಾವು ಕೇಳುತ್ತಿರುವುದು ನಾಲ್ಕು ತಿಂಗಳು.

ಇನ್ನೊಂದು ಲೆಕ್ಕ ಇದೆ, ಇದನ್ನು ಯಾರೂ ಗಮನಿಸುವುದಿಲ್ಲ. ಹೊಸ ವಿಂಡೋಸ್ ಹಾಕಿದ ಮೇಲೆ ಏನಾದರೂ ಹೊಂದಲಿಲ್ಲ ಎಂದರೆ ಹಳೆಯದಕ್ಕೆ ಮರಳಲು 10 ದಿನ ಸಮಯ ಇರುತ್ತದೆ. ಹಳೆಯದೆಲ್ಲ 'ವಿಂಡೋಸ್ ಓಲ್ಡ್' ಎಂಬ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಜಾಗ ತಿನ್ನುತ್ತದೆ ಎಂದು ಅದನ್ನು ಅಳಿಸಿದರೆ ಹಿಂದಿನ ದಾರಿ ಮುಚ್ಚಿತು. ಆ ಹತ್ತು ದಿನದಲ್ಲಿ ಪ್ರಿಂಟರ್, ಬೆರಳ ಗುರುತು ಓದುವ ಯಂತ್ರ, ಡಿಜಿಟಲ್ ಸಹಿಯ ಟೋಕನ್, ಲೆಕ್ಕದ ತಂತ್ರಾಂಶ ಎಲ್ಲವನ್ನೂ ಒಮ್ಮೆ ಓಡಿಸಿ ನೋಡಬೇಕು. ಜುಲೈನಲ್ಲಿ ಹತ್ತು ದಿನಕ್ಕೆ ಐದು ದಿನ ಕರೆಂಟಿಲ್ಲ, ಉಳಿದ ಐದರಲ್ಲಿ ಎರಡು ದಿನ ಮಳೆ ರಜೆ. ನೋಡುವುದು ಯಾವಾಗ?

ಒಂದೇ ದಿನ ಎಲ್ಲ ಯಂತ್ರಕ್ಕೂ ಹಾಕುವುದನ್ನು ಬೇಸಿಗೆಯಲ್ಲೂ ಮಾಡಬಾರದು. 2024ರ ಜುಲೈ 19 ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್‌ನಲ್ಲಿ ಇನ್ನೊಂದು ತೊಂದರೆ: ಕೆಟ್ಟ ಯಂತ್ರವನ್ನು ಸರಿಪಡಿಸುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡುತ್ತಿರಲಿಲ್ಲ. ಕರೆಂಟ್ ಹೋಗಿ ಬಂದು ಯಂತ್ರ ಏಳದೇ ಇದ್ದಾಗ ನಾವು ಹೋಗುವುದು ಆ ಪರದೆಗೇ. ಕಂಪನಿ ಅದಕ್ಕೆ ಆರು ದಿನದಲ್ಲಿ ಪರಿಹಾರ ಕೊಟ್ಟಿತು. ಪ್ರತಿ ಕಚೇರಿಯಲ್ಲೂ ಮೊದಲು ಒಂದು ಯಂತ್ರಕ್ಕೆ ಹಾಕಿ, ಎರಡು ವಾರ ಬಿಟ್ಟು ಉಳಿದವಕ್ಕೆ ಹಾಕಿದರೆ ಇಂಥದ್ದರಿಂದ ತಪ್ಪಿಸಿಕೊಳ್ಳಬಹುದು.

ಈಗ ಕನ್ನಡದ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಕ್ಷಮಿಸಿ. ನಮ್ಮ ಕಚೇರಿಗಳ ಯಂತ್ರಗಳಲ್ಲಿ ಇಪ್ಪತ್ತು ವರ್ಷದ ಕಡತಗಳು ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟ್‌ಗಳಲ್ಲಿವೆ. ಯುನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿಗೆ) ಹಿಂದಿನ ಆ ಕಡತಗಳ ಒಳಗೆ ಇರುವುದು ಕನ್ನಡದ ಅಕ್ಷರವಲ್ಲ. ಇಂಗ್ಲಿಷ್ ಮತ್ತು ಇತರ ಯುರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕೊಂಬು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಯಂತ್ರವನ್ನು ಪೂರ್ತಿ ಅಳಿಸಿ ಹೊಸ ವಿಂಡೋಸ್ ಹಾಕಿದಾಗ ಹೋಗುವುದರಲ್ಲಿ ಈ ಫಾಂಟ್‌ಗಳೂ ಸೇರಿವೆ.

ಒಂದು ಕಚೇರಿಯಲ್ಲಿ ಹೀಗೇ ಆಗಿ, ಹನ್ನೆರಡು ವರ್ಷದ ಸಭಾ ನಡಾವಳಿಗೆ ವೈರಸ್ ಹಿಡಿದಿದೆ ಎಂದುಕೊಂಡು ಅಳಿಸಲು ಹೊರಟಿದ್ದರು. ಯಾರೋ ಒಮ್ಮೆ ನನ್ನನ್ನು ಕೇಳೋಣ ಎಂದರಂತೆ. ಹಳೆಯ ಫಾಂಟ್‌ಗಳನ್ನು ಹಾಕಿದ ಹತ್ತು ನಿಮಿಷದಲ್ಲಿ ಒಂದಕ್ಷರ ಬಿಡದೆ ಎಲ್ಲವೂ ವಾಪಸ್ ಬಂತು. ಅಲ್ಲಿದ್ದ ಅಟೆಂಡರ್ ಅಣ್ಣ ನನಗೆ ಎರಡು ಸಲ ಕಾಫಿ ತಂದುಕೊಟ್ಟರು.

ಇದು ಕಚೇರಿಯ ಕಡತಕ್ಕೆ ಮುಗಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕೊಡವ ತಕ್ಕ್ ಬರೆಯುವವರೂ ಅರೆಭಾಷೆ ಬರೆಯುವವರೂ ಹೆಚ್ಚಾಗಿ ಬಳಸುವುದು ಕನ್ನಡ ಲಿಪಿಯನ್ನೇ. ಒಕ್ಕದ (ಮನೆತನದ) ವಂಶಾವಳಿ, ಪುತ್ತರಿಯಲ್ಲಿ ಹಾಡುವ ಪಾಟ್, ಹಿರಿಯರು ಹೇಳಿ ಬರೆಸಿದ ಕತೆ, ಇವನ್ನೆಲ್ಲ ನನ್ನ ಅಂಗಡಿಯಲ್ಲೇ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿಕೊಂಡು ಹೋದವರಿದ್ದಾರೆ. ಹೇಳಿ ಬರೆಸಿದ ಅಜ್ಜಿಯರಲ್ಲಿ ಕೆಲವರು ಈಗಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಹಳೆಯ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯ ಇದೆ. ಅಪ್‌ಡೇಟ್‌ಗೆ ಮೊದಲೇ ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ಸರಿಮಾಡಿ, ಮೂಲ ಕಡತವನ್ನೂ ಫಾಂಟ್‌ಗಳನ್ನೂ ಜೊತೆಗೇ ಇಟ್ಟುಕೊಳ್ಳಬೇಕು. ತುಂಗಾ ಫಾಂಟ್‌ನಲ್ಲಿ ಮಾಡಿದ ಕಡತಗಳು ಹೊಸ ವಿಂಡೋಸ್‌ನಲ್ಲಿ ಬೇರೆ ಆಕಾರದಲ್ಲಿ ಕಂಡರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಇಳಿಸಿಕೊಂಡರೆ ತುಂಗಾ ಬರುತ್ತದೆ. ಕನ್ನಡ ಕೀಬೋರ್ಡನ್ನೂ ಹಾಗೆಯೇ ಮತ್ತೆ ಸೇರಿಸಬೇಕಾಗುತ್ತದೆ.

ಖಾತೆಯ ಮಾತು ಇದಕ್ಕಿಂತ ಗಂಭೀರ. ವಿಂಡೋಸ್ 11 ಅನ್ನು ಹೊಸದಾಗಿ ಹೂಡುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಇಮೇಲ್ ನೆನಪಿರುವುದಿಲ್ಲ, ರಿಪೇರಿಯವರಿಗೆ ಸಮಯ ಇರುವುದಿಲ್ಲ, ಆಗ ರಿಪೇರಿಯವರು ತಮ್ಮದೇ ಫೋನ್ ನಂಬರಿನಲ್ಲಿ ಒಂದು ಖಾತೆ ಮಾಡಿ ಮುಗಿಸುತ್ತಾರೆ. ವಿಂಡೋಸ್ 11ರ 2024ರ ಆವೃತ್ತಿಯಾದ 24ಎಚ್2ರಿಂದ ಈಚೆಗೆ ಹೀಗೆ ಹೊಸದಾಗಿ ಹೂಡಿದ ಯಂತ್ರಗಳಲ್ಲಿ ಡಿಸ್ಕ್‌ಗೆ ಗೂಢಲಿಪಿಯ ಬೀಗ ತಾನಾಗಿಯೇ ಬೀಳುತ್ತದೆ. 48 ಅಂಕಿಯ ಅದರ ಕೀಲಿ ಹೋಗಿ ಕೂರುವುದು ಆ ಖಾತೆಯಲ್ಲಿ. ಎಷ್ಟೋ ದಿನ ಯಂತ್ರ ಏನೂ ಕೇಳುವುದಿಲ್ಲ. ಒಂದು ದಿನ ಬಯೋಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ ಒಳ ತಂತ್ರಾಂಶದಲ್ಲಿ) ಏನೋ ಬದಲಾಗಿ ಕೀಲಿ ಕೊಡು ಎನ್ನುತ್ತದೆ.

ನಮ್ಮ ಕಡೆಯ ಡಿಗ್ರಿ ಓದುವ ಹುಡುಗಿಯೊಬ್ಬಳ ಲ್ಯಾಪ್‌ಟಾಪ್‌ಗೆ ಹೀಗೆ ಆಯಿತು. ಬೇರೆ ಊರಿನಲ್ಲಿ ವಿಂಡೋಸ್ ಹಾಕಿಸಿದ್ದಳು. ಹಾಕಿಕೊಟ್ಟವರ ನಂಬರ್ ಈಗ ಬೇರೆಯವರ ಬಳಿ ಇದೆ. ಅವಳ ಮನೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಹೋಗಿತ್ತು. ಹಳೆಯ ಮನೆಯ ಅಂಗಳ, ಕಣ, ತೀರಿಕೊಂಡ ಅಪ್ಪನ ಚಿತ್ರಗಳು ಆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದವು. ನಾನು ಹದಿನೈದು ದಿನ ಒದ್ದಾಡಿದೆ. ಕೀಲಿ ಇಲ್ಲದೆ ಆ ಬೀಗ ತೆಗೆಯಲು ಬರುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. "ಇರಲಿ ಅಕ್ಕ" ಎಂದು ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ಸುತ್ತೋಲೆಯಲ್ಲಿ ಇದೊಂದು ಸಾಲು ಇರಲಿ: ಖಾತೆ ಕಚೇರಿಯ ಹೆಸರಿನಲ್ಲೇ ಇರಬೇಕು, ಬೀಗದ ಕೀಲಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಬೇಕು. ಮನೆಯವರೂ ಹಾಗೇ ಮಾಡಲಿ.

ಬದಲಾವಣೆಗೆ ಜನರನ್ನು ಅಣಿ ಮಾಡುವ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ ಎಡ ಮೂಲೆಯಿಂದ ಮಧ್ಯಕ್ಕೆ ಬಂದದ್ದು ದಿನವಿಡೀ ಕಂಪ್ಯೂಟರ್ ಬಳಸುವವರಿಗೆ ಒಂದು ವಿಷಯವೇ ಅಲ್ಲ. ಒಂದು ತೋಟದಲ್ಲಿ 60 ದಾಟಿದ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬರಿದ್ದಾರೆ. ಅವರಿಗೆ ಕಂಪ್ಯೂಟರ್ ಎಂದರೆ ಎಡ ಮೂಲೆ ಒತ್ತು, ಮೂರನೆಯದು ಒತ್ತು, ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ತೆರೆ. ಶನಿವಾರ ಬಟವಾಡೆ ದಿನ ಎಡ ಮೂಲೆಯಲ್ಲಿ ಬಟನ್ ಇಲ್ಲ. ಮೌಸ್‌ನ ಬಲ ಗುಂಡಿ ಒತ್ತಿದರೆ ಕಾಪಿ, ಪೇಸ್ಟ್ ಎಂಬ ಪದಗಳಿದ್ದ ಜಾಗದಲ್ಲಿ ಸಣ್ಣ ಚಿತ್ರಗಳು. ಲೈನ್ ಮನೆಗಳ ಕೂಲಿ ಜನ ಅಂಗಳದಲ್ಲಿ ಕಾಯುತ್ತಿದ್ದಾರೆ. ಕೊನೆಗೆ ಅವರು ಪುಸ್ತಕ ತೆಗೆದು ಕೈಯಲ್ಲೇ ಲೆಕ್ಕ ಹಾಕಿ ಕೂಲಿ ಕೊಟ್ಟರು. ಮರುದಿನ ನಾನು ಹೋಗಿ ಬಟನ್ ಎಡಕ್ಕೆ ತಂದು ಕೊಟ್ಟೆ. ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ ಅರ್ಧ ನಿಮಿಷದ ಕೆಲಸ ಅದು. ಹೇಳಿಕೊಡುವವರು ಒಬ್ಬರು ಇದ್ದಿದ್ದರೆ ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಅಷ್ಟು ಜನರ ಎದುರು ಸಣ್ಣವರಾಗಬೇಕಿರಲಿಲ್ಲ.

ಅದೇ ತೋಟದ ಹಳೆಯ ಲೆಕ್ಕದ ಪ್ರೋಗ್ರಾಮ್ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಇರುವುದು 64 ಬಿಟ್ ಮಾತ್ರ. ಅದರಲ್ಲಿ 16 ಬಿಟ್‌ನ ಹಳೆಯ ಪ್ರೋಗ್ರಾಮ್‌ಗಳು ಓಡುವುದಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಅದನ್ನು ಓಡಿಸಿ ಕೊಟ್ಟಿದ್ದೇನೆ. ಪ್ರಿಂಟ್ ತೆಗೆಯಲು ಮಾತ್ರ ಹಳೆಯ ಯಂತ್ರವನ್ನೇ ಇಂಟರ್‌ನೆಟ್ ತಪ್ಪಿಸಿ ಇಟ್ಟುಕೊಂಡಿದ್ದಾರೆ. ಇಂಥ ಪ್ರೋಗ್ರಾಮ್ ಬಳಸುವ ಸಂಘ, ತೋಟಗಳು ಇನ್ನೂ ಇವೆ. ಅವರು ದೊಡ್ಡ ಅಪ್‌ಡೇಟ್‌ಗೆ ಮೊದಲು ಯಾರಲ್ಲಾದರೂ ಕೇಳಲಿ.

ವಿಂಡೋಸ್ 11 ಹತ್ತದ ಯಂತ್ರಗಳ ಗತಿ ಏನು? ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಿರಬೇಕು. ಅಂದರೆ 2017ಕ್ಕೆ ಮೊದಲು ಕೊಂಡ ಬಹುಪಾಲು ಯಂತ್ರಗಳು ಹೊರಗೆ. ಟಿಪಿಎಂ ಇಲ್ಲ ಎಂದು ಪರದೆ ಹೇಳಿದ ಕೂಡಲೇ ನಂಬಬೇಡಿ. ಅದು ಬಯೋಸ್‌ನಲ್ಲಿ ಪಿಟಿಟಿ ಅಥವಾ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಆಫ್ ಆಗಿ ಕೂತಿರುವುದನ್ನು ನಾನು ಹತ್ತಾರು ಯಂತ್ರಗಳಲ್ಲಿ ಕಂಡಿದ್ದೇನೆ. ಅದನ್ನು ಆನ್ ಮಾಡಿದರೆ ಹೊಸ ಯಂತ್ರ ಕೊಳ್ಳುವ ಖರ್ಚು ಉಳಿಯುತ್ತದೆ.

ನಿಜವಾಗಿಯೂ ಹತ್ತದವನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ 10ಕ್ಕೆ ಉಚಿತ ತೇಪೆ 2025ರ ಅಕ್ಟೋಬರ್ 14ಕ್ಕೆ, ತುಲಾ ಸಂಕ್ರಮಣಕ್ಕೆ ಮೂರು ದಿನ ಮುಂಚೆ, ನಿಂತಿತು. ಮನೆ ಬಳಕೆಯ ಯಂತ್ರಗಳು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ತೇಪೆ ಸಿಗುತ್ತದೆ. ಸಂಸ್ಥೆಗಳಿಗೆ ಹಣ ಕೊಟ್ಟು ಮೂರು ವರ್ಷದವರೆಗೆ ಪಡೆಯುವ ಅವಕಾಶ ಇದೆ. ಶಿಕ್ಷಣ ಸಂಸ್ಥೆಗಳಿಗೆ ಕಂಪನಿ ಹೇಳಿದ ದರ ಮೊದಲ ವರ್ಷ ಯಂತ್ರಕ್ಕೆ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ನಮ್ಮ ಶಾಲೆಗಳ ಲ್ಯಾಬ್‌ಗಳಿಗೆ ಇದನ್ನು ಕೊಡಿಸಬಹುದೇ ಎಂದು ದಯವಿಟ್ಟು ವಿಚಾರಿಸಿ.

ಇನ್ನೊಂದು ದಾರಿ ಲಿನಕ್ಸ್, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಮಾಕುಟ್ಟ ಘಾಟಿ ಇಳಿದರೆ ಸಿಗುವ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಉಬುಂಟು 24.04 ಎಂಬ ಲಿನಕ್ಸ್‌ಗೆ 2029ರವರೆಗೆ ಉಚಿತವಾಗಿ ತೇಪೆ ಬರುತ್ತದೆ. ನಾವು ರೂಢಿ ಮಾಡಿಕೊಂಡ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಇವೆ. ಬೆರಳ ಗುರುತು ಓದುವ ಯಂತ್ರ, ಡಿಜಿಟಲ್ ಸಹಿ ಬೇಕಾದ ಕಡೆ ಅದು ಈಗಲೇ ಹೊಂದುವುದಿಲ್ಲ, ನಾನು ಹಾಕಿ ನೋಡಿ ಸೋತಿದ್ದೇನೆ. ಗ್ರಂಥಾಲಯಕ್ಕೆ, ಶಾಲೆಯ ಟೈಪಿಂಗ್ ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಕೊನೆಗೂ ಎಸೆಯಲೇಬೇಕಾದವನ್ನು 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಡಿಸಿ. ಕಾವೇರಿ ಹುಟ್ಟುವ ಜಿಲ್ಲೆ ಇದು. ಹಳೆಯ ಬ್ಯಾಟರಿ, ಬೋರ್ಡುಗಳು ತೋಡಿನ ಬದಿಯಲ್ಲಿ ಬಿದ್ದಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೇ ತಿಂಗಳ ಗಡುವಿಗೆ ಇನ್ನೊಂದು ಕಾರಣ ಇದೆ. ಯಂತ್ರ ಏಳುವಾಗಲೇ ಒಳಗಿನ ತಂತ್ರಾಂಶ ಅಸಲಿಯೇ ಎಂದು ಪರೀಕ್ಷಿಸುವ ಸೆಕ್ಯೂರ್ ಬೂಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯಲು ಶುರುವಾಗುತ್ತದೆ. ಮುಗಿದ ದಿನವೇ ಯಂತ್ರ ನಿಲ್ಲುವುದಿಲ್ಲ. ಹೊಸ ಪ್ರಮಾಣಪತ್ರ ಸೇರದ ಯಂತ್ರಗಳಿಗೆ ಆ ಹಂತದ ಭದ್ರತಾ ತೇಪೆಗಳು ಮುಂದೆ ಸಿಗುವುದಿಲ್ಲ. ತೇಪೆ ಪಡೆಯುತ್ತಿರುವ ಯಂತ್ರಗಳಿಗೆ ಅದು ಅಪ್‌ಡೇಟ್‌ನೊಡನೆಯೇ ಬರುತ್ತದೆ. ಗಡುವೂ ಮುಂಗಾರೂ ಒಂದೇ ತಿಂಗಳಲ್ಲಿ ಬರುತ್ತಿವೆ.

ಈಗ ಮಾರ್ಚ್. ಕಾಫಿ ಕೊಯ್ಲು ಮುಗಿದಿದೆ, ಹೂಮಳೆಗೆ ಕಾಯುತ್ತಿದ್ದೇವೆ, ಕಚೇರಿಗಳಲ್ಲಿ ಕರೆಂಟ್ ಮಟ್ಟಿಗೆ ವರ್ಷದಲ್ಲೇ ಒಳ್ಳೆಯ ಕಾಲ. ಶಾಲೆಗಳಿಗೆ ಏಪ್ರಿಲ್, ಮೇ ರಜೆ ಬರುತ್ತದೆ. ಒಂದೊಂದು ಕಚೇರಿಯೂ 5 ಜಿಬಿಗೂ ಹೆಚ್ಚಿನ ಕಡತವನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬೇರೆಬೇರೆ ಇಳಿಸಿಕೊಳ್ಳುವ ಅಗತ್ಯವಿಲ್ಲ. ಮಡಿಕೇರಿ, ಕುಶಾಲನಗರದಲ್ಲಿ ಇಂಟರ್‌ನೆಟ್ ಚೆನ್ನಾಗಿರುವ ಕಡೆ ಒಮ್ಮೆ ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗಳಲ್ಲಿ ಹಾಕಿ ತಾಲ್ಲೂಕಿಗೆ ಹತ್ತು ಹಂಚಿದರೆ ಆಯಿತು. ಪ್ರತಿ ಹೋಬಳಿಯಲ್ಲಿ ಅರ್ಧ ದಿನ, ಕನ್ನಡದಲ್ಲಿ, ಕೈಯಲ್ಲಿ ಮಾಡಿ ತೋರಿಸುವ ಒಂದು ತರಬೇತಿ ಇಡಿ. ಯಂತ್ರಕ್ಕೆ ಕೈ ಹಾಕುವ ಮೊದಲು ನಕಲು ತೆಗೆದದ್ದಕ್ಕೆ ಅಲ್ಲಿನ ಸಿಬ್ಬಂದಿಯ ಸಹಿ ಇರಬೇಕು ಎನ್ನುವ ನಿಯಮ ಮಾಡಿ. ಯುಪಿಎಸ್ ಬ್ಯಾಟರಿ ಮೂರು ವರ್ಷ ದಾಟಿದ್ದರೆ ಅದನ್ನು ಮೊದಲು ಬದಲಿಸಿ. ಇದಕ್ಕೆಲ್ಲ ದೊಡ್ಡ ಹಣ ಬೇಕಾಗಿಲ್ಲ. ನಿಮ್ಮ ಒಂದು ಸಹಿ ಬಿದ್ದರೆ ಕೆಳಗಿನವರಿಗೆ "ಈಗ ಬೇಡ, ಮಳೆ ನಿಲ್ಲಲಿ" ಎಂದು ಹೇಳುವ ಧೈರ್ಯ ಬರುತ್ತದೆ. ಕಳೆದ ವರ್ಷ ಆ ಸಂಘದ ಹುಡುಗಿಗೆ ಹಾಗೆ ಹೇಳಬೇಕು ಅನ್ನಿಸಿತ್ತು, ಹೇಳಲು ಆಗಲಿಲ್ಲ ಎಂದು ನನ್ನ ಬಳಿ ಹೇಳಿಕೊಂಡಿದ್ದಾಳೆ.

ನನ್ನ ಕಡೆಯಿಂದ ಆಗುವುದನ್ನು ನಾನು ಮಾಡುತ್ತೇನೆ. ಮೇ ತಿಂಗಳ ಕೊನೆಯವರೆಗೆ ಪ್ರತಿ ಭಾನುವಾರ ಮಧ್ಯಾಹ್ನ ಅಂಗಡಿ ತೆರೆದಿರುತ್ತೇನೆ. ಹಳೆಯ ಫಾಂಟ್‌ನ ಕಡತ ಇರುವವರು, ಯಂತ್ರಕ್ಕೆ ಹೊಸ ವಿಂಡೋಸ್ ಹತ್ತುತ್ತದೆಯೇ ಎಂದು ನೋಡಬೇಕಾದವರು ಬನ್ನಿ. ದುಡ್ಡು ಬೇಡ, ಒಂದು ಖಾಲಿ ಪೆನ್‌ಡ್ರೈವ್ ತನ್ನಿ. ಜಿಲ್ಲಾಡಳಿತ ತರಬೇತಿ ಇಟ್ಟರೆ ಯಾವ ಹೋಬಳಿಗೆ ಕರೆದರೂ ಬಂದು ಹೇಳಿಕೊಡುತ್ತೇನೆ. ಸುತ್ತೋಲೆ ಹೊರಟರೆ ಅದರ ಮೊದಲ ಪ್ರತಿಯನ್ನು ಆ ಸಂಘದ ಗೋಡೆಗೆ ನಾನೇ ಹೋಗಿ ಅಂಟಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಾಪೋಕ್ಲು ಕಡೆಯ ಒಬ್ಬ ಜೆರಾಕ್ಸ್ ಅಂಗಡಿಯವಳು
ಮಾರ್ಚ್ 2026